ಕಾರಿನ ಬಾಗಿಲು ಬಡಿದು ಸೈಕಲ್ ಸವಾರರು ಗಾಯಗೊಂಡರೆ: ಆಸ್ಪತ್ರೆಯ ಚೀಟಿಯಿಂದ ಪರಿಹಾರದವರೆಗೆ

ನಿಂತ ಕಾರಿನ ಬಾಗಿಲು ದಿಢೀರನೆ ತೆರೆದುಕೊಂಡು ಸೈಕಲ್ ಸವಾರರು ಬಿದ್ದಾಗ ಸುತ್ತ ಸೇರಿದ ಜನ ಮೊದಲು ಹೇಳುವುದು, 'ಗಾಡಿ ನಿಂತಿತ್ತಲ್ಲ, ನೀವೇ ನೋಡ್ಕೊಂಡು ಬರಬೇಕಿತ್ತು' ಎಂದು. ವಿಮಾ ಕಂಪನಿಯ ವಕೀಲರೂ ಮುಂದೆ ಇದನ್ನೇ ಕಾನೂನಿನ ಭಾಷೆಯಲ್ಲಿ ಹೇಳುತ್ತಾರೆ. ಈ ವಾದ ನಿಲ್ಲುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಪರಿಹಾರಕ್ಕೆ ಬೇಕಿರುವುದು ವಾಹನದ 'ಬಳಕೆ'ಯಿಂದ ಆದ ಅಪಘಾತ. ವಾಹನ ಓಡುತ್ತಲೇ ಇರಬೇಕೆಂದಿಲ್ಲ. ಹೆದ್ದಾರಿ ಬದಿ ಉರುಳಿ ಬಿದ್ದಿದ್ದ ಪೆಟ್ರೋಲ್ ಟ್ಯಾಂಕರ್ ಕೆಲವು ಗಂಟೆಗಳ ನಂತರ ಸ್ಫೋಟಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ 'ಬಳಕೆ'ಗೆ ವಿಶಾಲ ಅರ್ಥ ಕೊಟ್ಟು, ನಿಂತ ವಾಹನವನ್ನೂ ಅದರೊಳಗೆ ಸೇರಿಸಿದೆ. ಕಾರಿನಿಂದ ಇಳಿಯಲು ಬಾಗಿಲು ತೆರೆಯುವುದು ಬಳಕೆಯಲ್ಲದೆ ಮತ್ತೇನು?

ಹೀಗಾಗಿ ಕಾನೂನು ಸವಾರರ ಕಡೆಗೇ ಇದೆ. ಆದರೂ ಕೇಸು ಸೋಲುವುದು ಸಾಮಾನ್ಯವಾಗಿ ಮೊದಲ ದಿನದ ಕಾಗದಗಳಲ್ಲಿನ ತಪ್ಪಿನಿಂದ.

ಸ್ಥಳದಲ್ಲಿ

ಪೆಟ್ಟು ಜೋರಾಗಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿಸಿ. ಉಳಿದದ್ದನ್ನು ಜೊತೆಗಿರುವವರು ನೋಡಿಕೊಳ್ಳಲಿ. ಕಾರನ್ನು ಸರಿಸುವ ಮೊದಲೇ ನಂಬರ್ ಪ್ಲೇಟ್, ತೆರೆದ ಬಾಗಿಲು, ಸೈಕಲ್ ಬಿದ್ದ ಜಾಗ ಮತ್ತು ರಸ್ತೆಯ ಅಂಚಿನಿಂದ ಕಾರು ಎಷ್ಟು ದೂರ ನಿಂತಿದೆ ಎಂಬುದರ ಫೋಟೊ ತೆಗೆಯಿರಿ.

ಬಾಗಿಲನ್ನು ಹತ್ತಿರದಿಂದಲೂ ತೆಗೆಯಬೇಕು. ಮುಚ್ಚಿದ ಬಾಗಿಲಿಗೆ ಸೈಕಲ್ ಗುದ್ದಿದರೆ ಗೀರು ಬೀಳುವುದು ಹೊರಮೈ ಮೇಲೆ. ತೆರೆದ ಬಾಗಿಲಿಗೆ ತಗುಲಿದರೆ ಗುರುತು ಅದರ ಹಿಂಭಾಗದ ಅಂಚಿನಲ್ಲಿ, ಕೆಲವೊಮ್ಮೆ ಒಳಮಗ್ಗುಲಲ್ಲಿ ಇರುತ್ತದೆ. ಹ್ಯಾಂಡಲ್‌ನ ತುದಿ ಇಲ್ಲವೇ ಬ್ರೇಕ್ ಲಿವರ್ ಮೇಲೆ ಕಾರಿನ ಬಣ್ಣ ಅಂಟಿರಬಹುದು. ಈ ಎರಡು ಗುರುತುಗಳು ಒಂದೇ ಎತ್ತರದಲ್ಲಿ ಇರುವುದನ್ನು ಟೇಪ್ ಹಿಡಿದು ತೋರಿಸುವ ಒಂದು ಫೋಟೊಗೆ ನಾಲ್ಕು ಸಾಕ್ಷಿಗಳ ತೂಕವಿದೆ. ಪೊಲೀಸರು ಮಹಜರು ಮಾಡಿ ಮುಗಿಸುವವರೆಗೆ ಸೈಕಲನ್ನು ರಿಪೇರಿಗೆ ಕೊಡಬೇಡಿ, ಒರೆಸಲೂ ಬೇಡಿ.

ಚಾಲಕರ ಹೆಸರು, ಫೋನ್ ನಂಬರ್, ವಿಮೆಯ ವಿವರ ಕೇಳಿ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ರಡಿ ಚಾಲಕರ ಕರ್ತವ್ಯ. ವಿಮೆ ಚಾಲ್ತಿಯಲ್ಲಿದೆಯೇ ಎಂಬುದು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ತಿಳಿಯುತ್ತದೆ. ಯಾರ ಬಾಗಿಲು, ಯಾರು ತೆರೆದರು ಎಂಬುದನ್ನು ಆಗಲೇ ಖಚಿತಪಡಿಸಿಕೊಳ್ಳಿ. ಬಾಗಿಲು ತೆರೆದ ಪ್ರಯಾಣಿಕರು ಕ್ಯಾಬ್‌ನಿಂದ ಇಳಿದು ಹೊರಟುಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಎರಡು ಸಾವಿರ ರೂಪಾಯಿ ಕೈಗಿಟ್ಟು ರಾಜಿ ಪತ್ರಕ್ಕೆ ಸಹಿ ಕೇಳಿದರೆ ಹಾಕಬೇಡಿ. ಮೊಣಕೈ ಅಥವಾ ಕಾಲರ್ ಬೋನ್ ಬಿರುಕು ಬಿಟ್ಟದ್ದು ಗೊತ್ತಾಗುವುದು ಸಂಜೆ ಎಕ್ಸ್‌ರೇ ತೆಗೆಸಿದಾಗ.

ಆಸ್ಪತ್ರೆಯ ಒಂದು ಸಾಲು

ತುರ್ತು ವಿಭಾಗದಲ್ಲಿ 'ಏನಾಯಿತು' ಎಂದು ಕೇಳಿದಾಗ ನೋವಿನಲ್ಲಿ 'ಸೈಕಲ್‌ನಿಂದ ಬಿದ್ದೆ' ಎನ್ನುವವರೇ ಹೆಚ್ಚು. ಡ್ಯೂಟಿ ಡಾಕ್ಟರ್ ಅದನ್ನೇ 'ಸೆಲ್ಫ್ ಫಾಲ್' ಎಂದು ಬರೆಯುತ್ತಾರೆ. ವಿಮಾ ಕಂಪನಿ ಆ ಆಸ್ಪತ್ರೆಯ ದಾಖಲೆ ತರಿಸಿ, ಕಾರಿನ ಕಥೆ ಆಮೇಲೆ ಕಟ್ಟಿದ್ದು ಎಂದು ವಾದಿಸುತ್ತದೆ. ಆದ್ದರಿಂದ ಹೀಗೆ ಹೇಳಿ: 'ನಿಂತ ಕಾರಿನ ಬಾಗಿಲು ತೆರೆದು ನನಗೆ ಬಡಿಯಿತು, ರಸ್ತೆ ಅಪಘಾತ, ಎಂಎಲ್‌ಸಿ ಮಾಡಿ.' ಎಂಎಲ್‌ಸಿ ಎಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ಆಸ್ಪತ್ರೆ ಮಾಡುವ ದಾಖಲೆ. ಕಾರಿನ ನಂಬರ್ ಗೊತ್ತಿದ್ದರೆ ಅದನ್ನೂ ಬರೆಸಿ. ಚೀಟಿ ಕೈಗೆ ಬಂದ ಕೂಡಲೇ ಓದಿ ನೋಡಿ. ತಪ್ಪಿದ್ದರೆ ಅಂದೇ ತಿದ್ದಿಸಿ; ಡಿಸ್ಚಾರ್ಜ್ ಆದ ಮೇಲೆ ತಿದ್ದಿಸಿದರೆ ಅದಕ್ಕೂ ಅನುಮಾನ ಅಂಟಿಕೊಳ್ಳುತ್ತದೆ.

2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ₹1.5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ಅಪಘಾತಕ್ಕೆ ಕಾರಣವಾದದ್ದು ಮೋಟಾರು ವಾಹನವಾದ್ದರಿಂದ ಸೈಕಲ್ ಸವಾರರಿಗೂ ಇದು ಅನ್ವಯ.

ದೂರು

ಬೆಂಗಳೂರಿನಂತೆ ಸಂಚಾರ ಠಾಣೆ ಇರುವ ಊರಿನಲ್ಲಾದರೆ ಆ ವ್ಯಾಪ್ತಿಯ ಸಂಚಾರ ಠಾಣೆ, ಬೇರೆಡೆ ಸ್ಥಳೀಯ ಠಾಣೆ. ನಿಮ್ಮ ಪರವಾಗಿ ಮನೆಯವರೂ ದೂರು ಕೊಡಬಹುದು. ಸಾರಾಂಶ ಹೀಗಿರಲಿ: 'ರಸ್ತೆಯ ಎಡಬದಿಯಲ್ಲಿ ಸೈಕಲ್ ಓಡಿಸುತ್ತಿದ್ದಾಗ, ಅಲ್ಲಿ ನಿಂತಿದ್ದ ಇಂಥ ನಂಬರಿನ ಕಾರಿನ ಚಾಲಕರು ಹಿಂದಿನಿಂದ ಬರುವವರನ್ನು ಗಮನಿಸದೆ ಬಲ ಮುಂಬಾಗಿಲನ್ನು ಒಮ್ಮೆಲೇ ತೆರೆದರು. ಬಾಗಿಲಿನ ಅಂಚು ಹ್ಯಾಂಡಲ್‌ಗೆ ಬಡಿದು ಬಿದ್ದೆ.' ಬಾಗಿಲು ತಪ್ಪಿಸಲು ಹೋಗಿ ಬಿದ್ದಿದ್ದರೆ, ತಾಗಿಲ್ಲ ಎಂದೇ ನಿಜ ಬರೆಯಿರಿ. ತಾಗದಿದ್ದರೂ ಕಾರಣ ಬಾಗಿಲೇ.

'ಕಾರು ಓಡುತ್ತಿರಲಿಲ್ಲ, ಕೇಸಾಗಲ್ಲ' ಎಂದು ಠಾಣೆಯಲ್ಲಿ ಹೇಳಿದರೆ ಬೆಪ್ಪಾಗಬೇಡಿ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281 ಇರುವುದು ಅಜಾಗರೂಕ ಚಾಲನೆಗೆ; ಅದು ಇಲ್ಲಿ ಹೊಂದದೇ ಇರಬಹುದು. ಸೆಕ್ಷನ್ 125 ಹಾಗಲ್ಲ, ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತರುವ ಯಾವುದೇ ಕೃತ್ಯಕ್ಕೂ ಅನ್ವಯಿಸುತ್ತದೆ. ಮೂಳೆ ಮುರಿದಿದ್ದರೆ 125(ಬಿ): 3 ವರ್ಷದವರೆಗೆ ಜೈಲು ಅಥವಾ ₹10,000ದವರೆಗೆ ದಂಡ, ಅಥವಾ ಎರಡೂ. ಪ್ರಯಾಣಿಕರೇ ಬಾಗಿಲು ತೆರೆದಿದ್ದರೂ ಇದನ್ನು ಹಾಕಬಹುದು. ಕಾರು ದಾರಿ ಮಧ್ಯೆ ಅಪಾಯಕಾರಿಯಾಗಿ ನಿಂತಿದ್ದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 122ನ್ನೂ ಸೇರಿಸಲು ಕೇಳಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿ ಅಥವಾ ನಗರದಲ್ಲಿ ಡಿಸಿಪಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ.

ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ರೆಕಾರ್ಡಿಂಗ್ ಕೆಲವೇ ದಿನಗಳಲ್ಲಿ ಅಳಿದುಹೋಗುತ್ತದೆ. ಅದನ್ನು ವಶಕ್ಕೆ ಪಡೆಯುವಂತೆ ತನಿಖಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ನೀವೇ ಕಾಪಿ ಮಾಡಿಸಿದರೆ ರೆಕಾರ್ಡಿಂಗ್ ಅಸಲಿ ಎಂದು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಆಸ್ಪತ್ರೆಯಲ್ಲಿದ್ದ ಕಾರಣ ದೂರು ತಡವಾಗಿದ್ದರೆ ಆ ಕಾರಣವನ್ನು ದೂರಿನಲ್ಲೇ ಬರೆಯಿರಿ. ವಿವರಣೆ ಇದ್ದರೆ ತಡವಾದದ್ದೊಂದೇ ಕ್ಲೇಮು ತಳ್ಳಿಹಾಕಲು ಸಾಲದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ.

164 ಅಥವಾ 166

ಮೋಟಾರು ವಾಹನ ಕಾಯ್ದೆಯಲ್ಲಿ ಪರಿಹಾರಕ್ಕೆ ಎರಡು ದಾರಿ. ಸೆಕ್ಷನ್ 164ರಲ್ಲಿ ಯಾರ ತಪ್ಪೆಂದು ಸಾಬೀತು ಮಾಡಬೇಕಿಲ್ಲ: ತೀವ್ರ ಗಾಯಕ್ಕೆ ₹2.5 ಲಕ್ಷ, ಸಾವಿಗೆ ₹5 ಲಕ್ಷ, ಅಷ್ಟೇ. ಸೆಕ್ಷನ್ 166ರಲ್ಲಿ ನಿರ್ಲಕ್ಷ್ಯ ಸಾಬೀತು ಮಾಡಬೇಕು, ಮೊತ್ತಕ್ಕೆ ಮಿತಿಯಿಲ್ಲ. 164ರ ಹಣ ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ.

ಸರಿಯಾಗಿ ಕೂಡಿಕೊಂಡ ಸಣ್ಣ ಮುರಿತವಾಗಿದ್ದು, ಬಾಗಿಲು ತೆರೆದ ಪ್ರಯಾಣಿಕರು ನಾಪತ್ತೆಯಾಗಿದ್ದರೆ 164 ಒಳ್ಳೆಯದು. 'ತಪ್ಪು ಪ್ರಯಾಣಿಕರದು, ಚಾಲಕರದಲ್ಲ' ಎಂಬ ವಾದಕ್ಕೆ ಅಲ್ಲಿ ಜಾಗವೇ ಇಲ್ಲ. ಸರ್ಜರಿ, ಪ್ಲೇಟು, ಶಾಶ್ವತ ಊನ ಇದ್ದರೆ 166. ಆಗ ಪ್ರಯಾಣಿಕರ ವಾದಕ್ಕೆ ಉತ್ತರ ಚಾಲಕರ ಕರ್ತವ್ಯಲೋಪದಲ್ಲಿದೆ: ಅಂಚಿಗೆ ತಾರದೆ ಲೇನ್ ಮಧ್ಯೆಯೇ ಇಳಿಸಿದರು, ಕನ್ನಡಿ ನೋಡಿ ಎಚ್ಚರಿಸಲಿಲ್ಲ. ಎಡಬಾಗಿಲು ಬಡಿದ ಪ್ರಕರಣಗಳಲ್ಲಿ ಕಾರು ಅಂಚಿನಿಂದ ಎಷ್ಟು ದೂರ ನಿಂತಿತ್ತು ಎಂಬ ಫೋಟೊ ಉಪಯೋಗಕ್ಕೆ ಬರುವುದು ಇಲ್ಲೇ.

ಬಾಗಿಲು ತಾಗಿ ಬಿದ್ದವರ ಮೇಲೆ ಹಿಂದಿನ ಬಸ್ಸೋ ಲಾರಿಯೋ ಹರಿದಿದ್ದರೆ ಎರಡೂ ವಾಹನಗಳ ಮಾಲೀಕರು, ವಿಮಾ ಕಂಪನಿಗಳನ್ನು ಎದುರುದಾರರಾಗಿಸಿ. ಇಬ್ಬರ ನಿರ್ಲಕ್ಷ್ಯ ಸೇರಿದ್ದರೆ ಪೂರ್ತಿ ಮೊತ್ತವನ್ನು ಯಾರೊಬ್ಬರಿಂದಲೂ ವಸೂಲು ಮಾಡಬಹುದೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

166ರ ಅರ್ಜಿಗೆ ಕಾಯ್ದೆ ಕೊಟ್ಟಿರುವ ಗಡುವು 6 ತಿಂಗಳು. ಈ ಗಡುವನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ, ಆದರೆ ಅದನ್ನು ನಂಬಿ ಕೂರಬೇಡಿ. ಪೊಲೀಸರು 48 ಗಂಟೆಯಲ್ಲಿ ಮೊದಲ ಅಪಘಾತ ವರದಿಯನ್ನೂ 90 ದಿನದಲ್ಲಿ ವಿವರ ವರದಿಯನ್ನೂ ಈ ಅರ್ಜಿಗಳನ್ನು ವಿಚಾರಿಸುವ ಮೋಟಾರು ಅಪಘಾತ ಪರಿಹಾರ ಟ್ರಿಬ್ಯುನಲ್‌ಗೆ ಕಳಿಸಬೇಕೆಂಬ ನಿಯಮವಿದೆ. ಆದರೂ ನಿಮ್ಮ ಅರ್ಜಿ ನೀವು ಹಾಕುವುದೇ ಕ್ಷೇಮ. ಅಪಘಾತವಾದ ಊರು, ನಿಮ್ಮ ಊರು, ಎದುರುದಾರರ ಊರು, ಎಲ್ಲಿ ಬೇಕಾದರೂ ಹಾಕಬಹುದು. ಬೆಂಗಳೂರಿನಲ್ಲಿ ಲಘುವ್ಯವಹಾರಗಳ ನ್ಯಾಯಾಲಯವೇ ಈ ಟ್ರಿಬ್ಯುನಲ್. ಉಚಿತ ವಕೀಲರ ನೆರವಿಗೆ 15100ಕ್ಕೆ ಕರೆ ಮಾಡಿ.

ಲೆಕ್ಕ

ತಿಂಗಳಿಗೆ ₹20,000 ದುಡಿಯುವ 34 ವರ್ಷದವರಿಗೆ ದುಡಿಮೆಯ ಸಾಮರ್ಥ್ಯ ಶೇ 10 ಕುಗ್ಗಿದೆ ಎನ್ನೋಣ. ವರ್ಷದ ನಷ್ಟವನ್ನು ಎಷ್ಟರಿಂದ ಗುಣಿಸಬೇಕೆಂದು ವಯಸ್ಸಿನ ಮೇಲೆ ನಿಗದಿಯಾದ ಸಂಖ್ಯೆ, ಅಂದರೆ ಗುಣಕ, ಆ ವಯಸ್ಸಿಗೆ 16. 20,000 × 12 × 16ರ ಶೇ 10 ಎಂದರೆ ₹3,84,000. ಭವಿಷ್ಯದ ಆದಾಯಕ್ಕೆಂದು ಶೇ 40 ಸೇರಿಸಿದರೆ ₹5,37,600. ಚಿಕಿತ್ಸೆಯ ಬಿಲ್ಲು, ಕೆಲಸ ತಪ್ಪಿದ ತಿಂಗಳುಗಳ ಸಂಬಳ, ನೋವು, ಆರೈಕೆ, ಓಡಾಟ ಇದಕ್ಕೆ ಹೊರತು. ಸೈಕಲ್ಲಿನ ಹಾನಿಯನ್ನೂ ಇದೇ ಅರ್ಜಿಯಲ್ಲಿ ಕೇಳಬಹುದು. ಖರೀದಿಯ ರಸೀದಿ ಮತ್ತು ಅಂಗಡಿಯ ಅಂದಾಜು ಪಟ್ಟಿ ಬೇಕು.

ವೈದ್ಯರು ಬರೆಯುವ ಊನದ ಶೇಕಡಾವಾರು ಬೇರೆ, ದುಡಿಮೆಗೆ ಆದ ನಷ್ಟ ಬೇರೆ. ಮಣಿಕಟ್ಟು ಬಾಗದಿದ್ದರೆ ಬಡಗಿಗೆ ಆಗುವ ನಷ್ಟವೇ ಬ್ಯಾಂಕ್ ನೌಕರರಿಗೆ ಆಗದು. ಯಾವ ಕೆಲಸ ಈಗ ಆಗುತ್ತಿಲ್ಲ ಎಂಬುದನ್ನು ಸಾಕ್ಷ್ಯದಲ್ಲಿ ಬಿಡಿಸಿ ಹೇಳದಿದ್ದರೆ ಟ್ರಿಬ್ಯುನಲ್ ಕಡಿಮೆ ಶೇಕಡಾವಾರನ್ನೇ ಹಿಡಿಯುತ್ತದೆ.

ಸವಾರರದೂ ತಪ್ಪಿದೆ ಎಂದು ತೋರಿದರೆ ಮೊತ್ತ ಅಷ್ಟರಮಟ್ಟಿಗೆ ಇಳಿಯುತ್ತದೆ. ರಾಂಗ್ ಸೈಡ್, ಕೈಯಲ್ಲಿ ಫೋನ್, ರಾತ್ರಿ ಲೈಟಿಲ್ಲದಿರುವುದು ನಿಜಕ್ಕೂ ಹೊಡೆತ ಕೊಡುತ್ತವೆ. ಹೆಲ್ಮೆಟ್ ಇರಲಿಲ್ಲ ಎಂಬ ತಕರಾರು ಅಷ್ಟು ಗಟ್ಟಿಯಲ್ಲ, ಸೆಕ್ಷನ್ 129 ಅದನ್ನು ಕಡ್ಡಾಯ ಮಾಡಿರುವುದು ಮೋಟಾರ್‌ಸೈಕಲ್‌ಗೆ. ಎಲೆಕ್ಟ್ರಿಕ್ ಸೈಕಲ್ಲಾದರೆ ಮೋಟರು 0.25 ಕಿಲೋವಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಎಂಬ ಕಂಪನಿಯ ಕಾಗದ ಜೋಪಾನ. ಇಲ್ಲದಿದ್ದರೆ ಲೈಸೆನ್ಸ್ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ.

ಕಾರು ಪತ್ತೆಯಾಗದಿದ್ದರೆ ಸೆಕ್ಷನ್ 161ರಡಿ ತೀವ್ರ ಗಾಯಕ್ಕೆ ₹50,000, ಸಾವಿಗೆ ₹2 ಲಕ್ಷ. ಅರ್ಜಿ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ. ಟ್ರಿಬ್ಯುನಲ್ ಕೊಟ್ಟ ಮೊತ್ತ ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟ್‌ಗೆ ಮೇಲ್ಮನವಿ ಹಾಕಬಹುದು. ತಕರಾರಿನ ಮೊತ್ತ ₹1 ಲಕ್ಷಕ್ಕಿಂತ ಕಡಿಮೆಯಿದ್ದರೆ ಆ ಅವಕಾಶವಿಲ್ಲ.