ಎದೆಬಡಿತದ ಮಾತ್ರೆಗಳ ಪಟ್ಟಿ ಮಾಡುವುದು ಹೇಗೆ?

ಮಡಿಕೇರಿಯಲ್ಲಿ ಒಬ್ಬ ಡಾಕ್ಟರ್, ಮೈಸೂರಿನಲ್ಲಿ ಇನ್ನೊಬ್ಬರು. ಎದೆಬಡಿತ ಏರುಪೇರಾಗುವ ಕೊಡಗಿನ ಎಷ್ಟೋ ಹಿರಿಯರ ಪಾಡು ಇದು. ತೋರಿಸಲು ಕೈಯಲ್ಲಿರುವುದು ಹೆಸರೇ ಕತ್ತರಿಸಿ ಹೋದ ಸ್ಟ್ರಿಪ್. ಇಲ್ಲವೇ 'ಆ ಬಿಳಿ ಗುಂಡು ಮಾತ್ರೆ' ಎಂಬ ಮಾತು!

ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹಾಕಿ. ಬ್ರ್ಯಾಂಡ್ ಬಿಟ್ಟು ಔಷಧದ ಅಸಲಿ ಹೆಸರು, ಮಿಲಿಗ್ರಾಂ, ಹೊತ್ತು ಬರೆಯಿರಿ.

ಬಡಿತ ಹದಕ್ಕೆ ತರುವ ಮಾತ್ರೆಗಳನ್ನು ಅವು ಕೆಲಸ ಮಾಡುವ ರೀತಿ ನೋಡಿ ನಾಲ್ಕು ಗುಂಪು ಮಾಡಿದ್ದಾರೆ. ಪಕ್ಕದಲ್ಲಿ ಆ ಗುಂಪಿನ ಸಂಖ್ಯೆ ಹಾಕಿ. ಜನ ಎಡವುವುದು ಇಲ್ಲೇ. ಹೃದಯದ ಕೋಶಕ್ಕೆ ಸೋಡಿಯಂ ನುಗ್ಗುವುದನ್ನು ತಡೆಯುವ ಫ್ಲೆಕನೈಡ್, ಪ್ರೊಪಾಫೆನೋನ್ 1ನೇ ಗುಂಪು. ಹಾರ್ಟ್ ಅಟ್ಯಾಕ್ ಆದವರಲ್ಲಿ ಫ್ಲೆಕನೈಡ್ ಸಾವು ಹೆಚ್ಚಿಸುತ್ತದೆ ಎಂದು 1989ರಲ್ಲೇ ಗೊತ್ತಾಗಿದೆ. ಹಾಗಾಗಿ ಅಟ್ಯಾಕ್ ಆಗಿದ್ದರೆ ಪಟ್ಟಿಯ ತಲೆಯಲ್ಲೇ ಬರೆಯಿರಿ. ಅಡ್ರಿನಲಿನ್ ಅಬ್ಬರ ತಗ್ಗಿಸುವ ಮೆಟೊಪ್ರೊಲಾಲ್, ಅಟೆನೊಲಾಲ್ 2ನೇ ಗುಂಪು, ಅಂದರೆ ಬೀಟಾ ಬ್ಲಾಕರ್. ಇವನ್ನು ದಿಢೀರನೆ ನಿಲ್ಲಿಸಬಾರದು. 'ಲಾಲ್' ಎಂದು ಮುಗಿದಿದ್ದೆಲ್ಲ ಇಲ್ಲಿಗೇ ಅಂತ ಸುಮ್ನೆ ಬರೆದುಬಿಡಬೇಡಿ. ಸೊಟಲಾಲ್‌ಗೆ ಬೀಟಾ ಬ್ಲಾಕರ್ ಗುಣ ಇದ್ದರೂ ಲೆಕ್ಕ 3ನೇ ಗುಂಪಿಗೆ, ಪೊಟ್ಯಾಸಿಯಂ ದಾರಿ ತಡೆಯುವ ಅಮಿಯೊಡರೋನ್ ಜೊತೆ. ಕ್ಯಾಲ್ಸಿಯಂ ತಡೆಯುವ ವೆರಪಮಿಲ್, ಡಿಲ್ಟಿಯಾಜೆಮ್ 4ನೇ ಗುಂಪು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೂಡ ಕ್ಯಾಲ್ಸಿಯಂ ತಡೆಯುವುದೇ, ಆದರೆ ಬಡಿತ ಹದಕ್ಕೆ ತರುವ ಮಾತ್ರೆ ಅಲ್ಲ. ಅದಕ್ಕೆ ಸಂಖ್ಯೆ ಬೇಡ. ಡಿಗಾಕ್ಸಿನ್ ಈ ನಾಲ್ಕರಲ್ಲೂ ಇಲ್ಲ, ಬೇರೆ ಸಾಲಿನಲ್ಲಿ ಬರೆಯಿರಿ.

ಪಟ್ಟಿಯಲ್ಲಿ 2 ಮತ್ತು 4 ಎರಡೂ ಬಂದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ಎರಡೂ ಸೇರಿದರೆ ಬಡಿತ ತೀರಾ ನಿಧಾನವಾಗಬಹುದು. ನೀವಾಗಿಯೇ ಒಂದನ್ನು ಬಿಡುವುದೂ ತಪ್ಪು.

ಅಮಿಯೊಡರೋನ್ ಇದ್ದರೆ ಕೆಂಪು ಪೆನ್ನು ತೆಗೆಯಿರಿ. ಅದರಲ್ಲಿ ಅಯೋಡಿನ್ ಜಾಸ್ತಿ. ಥೈರಾಯ್ಡ್, ಲಿವರ್ ಪರೀಕ್ಷೆ ಮಾಡಿಸಿದ ತಾರೀಖು ಬರೆಯಿರಿ, ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಬೇಕು. ಒಣಕೆಮ್ಮು, ಏದುಸಿರು ಶುರುವಾದರೆ ಅದನ್ನೂ ಹೇಳಿ. ಡಿಗಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಎರಡರ ಪ್ರಭಾವವನ್ನೂ ಅಮಿಯೊಡರೋನ್ ಏರಿಸುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಕಾಫಿ ಕಣದಲ್ಲಿ ನಿಲ್ಲುವವರು ತುಂಬುತೋಳಿನ ಅಂಗಿ ಹಾಕಿ. ಚಕ್ಕೋತ ತಿಂದರೆ ರಕ್ತದಲ್ಲಿ ಈ ಮಾತ್ರೆ ಹೆಚ್ಚಾಗಬಹುದು, ಅದನ್ನು ಬಿಡಿ. ನಮ್ಮ ಕಿತ್ತಳೆಗೆ ಆ ತೊಂದರೆ ಇಲ್ಲ.

ವಾರದ ಖಾನೆಗಳಿರುವ ಅಗ್ಗದ ಪ್ಲಾಸ್ಟಿಕ್ ಡಬ್ಬಿ ನನಗಂತೂ ಬೇಡ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಸ್ಟ್ರಿಪ್‌ನಿಂದ ಬಿಡಿಸಿಟ್ಟ ಮಾತ್ರೆ ತೇವ ಎಳೆದುಕೊಳ್ಳುತ್ತದೆ.

ಕೊನೆಗೆ ನಾಡಿ. ಬಡಿತ ತಪ್ಪುವವರಲ್ಲಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಪೂರ್ತಿ 60 ಸೆಕೆಂಡ್ ಎಣಿಸಿ ಬರೆಯಿರಿ. ತಲೆಸುತ್ತಿ ಬಿದ್ದರೆ, ಎದೆ ನೋವು ಬಂದರೆ ಪಟ್ಟಿ ಹುಡುಕುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.