ಲಿನಕ್ಸ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಕ್ರಮ ಮತ್ತು ಕೋರ್‌ಬೂಟ್ ಎಂಬ ಪರ್ಯಾಯ

ಚಿಪ್ಪಿನಲ್ಲೇ ನೆಲೆಸಿರುವ ತಂತ್ರಾಂಶವೇ ಫರ್ಮ್‌ವೇರ್; ಯಂತ್ರವನ್ನು ಚಾಲೂ ಮಾಡುವ ಫರ್ಮ್‌ವೇರ್ ಬಯಾಸ್. ಇದರ ಅಪ್‌ಡೇಟ್ ವಿಂಡೋಸ್‌ನ ಕಡತವಾಗಿ ಮಾತ್ರ ಸಿಗುತ್ತಿದ್ದಾಗ, ಅದೊಂದಕ್ಕಾಗಿಯೇ ಡಿಸ್ಕಿನ ಮೂಲೆಯಲ್ಲಿ ವಿಂಡೋಸನ್ನು ಉಳಿಸಿಕೊಂಡ ಲಿನಕ್ಸ್ ಬಳಕೆದಾರರು ಕಡಿಮೆಯೇನಲ್ಲ. ರೆಡ್ ಹ್ಯಾಟ್‌ನ ರಿಚರ್ಡ್ ಹ್ಯೂಸ್ 2015ರಲ್ಲಿ ಆರಂಭಿಸಿದ ಎಫ್-ಡಬ್ಲ್ಯು-ಯು-ಪಿ-ಡಿ ಎಂಬ ತಂತ್ರಾಂಶ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿದೆ. ಡೆಲ್, ಲೆನೊವೊ, ಎಚ್‌ಪಿ ಮೊದಲಾದ ತಯಾರಕರು ತಮ್ಮ ಅಪ್‌ಡೇಟ್‌ಗಳನ್ನು ಎಲ್‌ವಿಎಫ್‌ಎಸ್ ಎಂಬ ಭಂಡಾರಕ್ಕೆ ಏರಿಸುತ್ತಾರೆ. ಈ ತಂತ್ರಾಂಶ ಅವನ್ನು ಇಳಿಸಿಕೊಂಡು, ಡಿಜಿಟಲ್ ಸಹಿಯನ್ನು ಪರಿಶೀಲಿಸಿ ಅಳವಡಿಸುತ್ತದೆ. ಸಾಗಣೆಯ ದಾರಿಯಷ್ಟೇ ಮುಕ್ತವಾಗಿದ್ದು, ಬರುವ ಫರ್ಮ್‌ವೇರ್ ಕಂಪನಿಯ ಮುಚ್ಚಿದ ಸರಕೇ ಆಗಿರುತ್ತದೆ ಎಂಬುದು ನೆನಪಿನಲ್ಲಿರಲಿ.

ತಂತ್ರಾಂಶದ ಹೆಸರಿನ ಕೊನೆಗೆ ಎಂ-ಜಿ-ಆರ್ ಸೇರಿಸಿದರೆ ಟರ್ಮಿನಲ್‌ನ ಆಜ್ಞೆ ಸಿಗುತ್ತದೆ. ಅದರ ಮುಂದೆ ಮೊದಲು ‘ರಿಫ್ರೆಶ್’, ಬಳಿಕ ‘ಗೆಟ್-ಅಪ್‌ಡೇಟ್ಸ್’, ಕೊನೆಗೆ ‘ಅಪ್‌ಡೇಟ್’ ಎಂದು ಇಂಗ್ಲಿಷ್‌ನಲ್ಲಿ ಕೊಡಬೇಕು. ಬಯಾಸ್ ಅಪ್‌ಡೇಟ್ ಆಗಿದ್ದರೆ ಕಡತವು ಇಎಫ್‌ಐ ಪಾರ್ಟಿಶನ್‌ನಲ್ಲಿ (ಬೂಟ್ ಕಡತಗಳಿರುವ ಡಿಸ್ಕಿನ ಭಾಗ) ಕುಳಿತು, ಯಂತ್ರವನ್ನು ರೀಬೂಟ್ ಮಾಡಿದಾಗ ಚಿಪ್ಪಿಗೆ ಬರೆಯಲ್ಪಡುತ್ತದೆ; ಆದ್ದರಿಂದ ಇಎಫ್‌ಐ ಬಳಸದೆ ಹಳೆಯ ಲೆಗಸಿ ಕ್ರಮದಲ್ಲಿ ಬೂಟ್ ಆಗುವ ಯಂತ್ರದಲ್ಲಿ ಈ ವಿಧಾನ ನಡೆಯುವುದಿಲ್ಲ. ಬರೆಯುವ ನಡುವೆ ಕರೆಂಟ್ ಹೋದರೆ ಯಂತ್ರ ಮತ್ತೆ ಏಳದೇ ಹೋಗಬಹುದು. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ತುಂಬಿರಬೇಕು, ಚಾರ್ಜರ್ ಕೂಡ ಚುಚ್ಚಿರಬೇಕು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೈಹಾಕದಿರುವುದೇ ಲೇಸು. ಡಿಸ್ಕಿನ ಗೂಢಲಿಪೀಕರಣ ಕೀಲಿಗಳನ್ನು ಕಾಯುವ ಟಿಪಿಎಂ ಚಿಪ್ಪನ್ನು ಅವಲಂಬಿಸಿದ್ದರೆ, ಅಪ್‌ಡೇಟ್‌ನ ನಂತರ ಯಂತ್ರ ರಿಕವರಿ ಕೀ ಅಥವಾ ಪಾಸ್‌ಫ್ರೇಸ್ ಕೇಳುವ ಸಾಧ್ಯತೆ ಇರುವುದರಿಂದ ಅದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಮುಚ್ಚಿದ ಫರ್ಮ್‌ವೇರೇ ಬೇಡವೆನ್ನುವವರಿಗೆ, ಬಯಾಸ್‌ನ ಜಾಗದಲ್ಲಿ ಕೂರುವ ಕೋರ್‌ಬೂಟ್ ಎಂಬ ಮುಕ್ತ ಫರ್ಮ್‌ವೇರ್ ಇದೆ. 1999ರಲ್ಲಿ ಅಮೆರಿಕದ ಲಾಸ್ ಅಲಾಮೊಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯಾಸ್ ಎಂಬ ಹೆಸರಿನಿಂದ ಹುಟ್ಟಿದ ಯೋಜನೆಯಿದು. ಆದರೆ ಇದು ಕಂಡ ಯಂತ್ರಕ್ಕೆಲ್ಲ ಹೊಂದುವುದಿಲ್ಲ. ಇಂಟೆಲ್ ಬೂಟ್ ಗಾರ್ಡ್ ಎಂಬ ರಕ್ಷಣೆ ಜಾರಿಯಲ್ಲಿರುವ ಲ್ಯಾಪ್‌ಟಾಪ್‌ಗಳು ತಯಾರಕರ ಸಹಿಯಿಲ್ಲದ ಫರ್ಮ್‌ವೇರನ್ನು ಓಡಿಸುವುದೇ ಇಲ್ಲವಾದ್ದರಿಂದ, ಥಿಂಕ್‌ಪ್ಯಾಡ್ ಎಕ್ಸ್200ರಂಥ ಹಳೆಯ ಯಂತ್ರಗಳಿಗೆ ಇಂದಿಗೂ ಬೇಡಿಕೆಯಿದೆ. ಎಕ್ಸ್200ರಲ್ಲಿ ಕೋರ್‌ಬೂಟನ್ನು ಮೊದಲ ಬಾರಿ ಬರೆಯಲು ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆದು, ಬಯಾಸ್ ಚಿಪ್ಪಿಗೆ ಕ್ಲಿಪ್ ಹಾಕಿ, ಹೊರಗಿನ ಪ್ರೋಗ್ರಾಮರ್ (ಚಿಪ್ಪನ್ನು ಓದಿ ಬರೆಯುವ ಪುಟ್ಟ ಸಾಧನ) ಮೂಲಕ ಫ್ಲ್ಯಾಶ್‌ರಾಮ್ ತಂತ್ರಾಂಶವನ್ನು ನಡೆಸಬೇಕು. ಅಗ್ಗಕ್ಕೆ ಸಿಗುವ ಸಿಎಚ್341ಎ ಪ್ರೋಗ್ರಾಮರ್‌ಗಳಲ್ಲಿ ಹಲವು, 3.3 ವೋಲ್ಟ್‌ನ ಚಿಪ್ಪಿನ ಡೇಟಾ ತಂತಿಗಳಿಗೆ 5 ವೋಲ್ಟ್ ಹರಿಸುತ್ತವೆ. ಮಲ್ಟಿಮೀಟರ್‌ನಲ್ಲಿ ಅಳೆದು ನೋಡದೆ ಬಳಸಬಾರದು. ಹೊಸದನ್ನು ಬರೆಯುವ ಮೊದಲು ಹಳೆಯ ಫರ್ಮ್‌ವೇರನ್ನು ಎರಡು ಸಲ ಓದಿ, ಎರಡೂ ಪ್ರತಿಗಳು ತಾಳೆಯಾದರೆ ಮಾತ್ರ ಮುಂದುವರಿಯಬೇಕು. ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಜೋಪಾನವಾಗಿಟ್ಟರೆ ಹಿಂದಿರುಗುವ ದಾರಿ ತೆರೆದಿರುತ್ತದೆ.

ಇಷ್ಟು ಶ್ರಮ ಬೇಡವೆಂದರೆ ಸಿಸ್ಟಮ್76, ಸ್ಟಾರ್ ಲ್ಯಾಬ್ಸ್, ಪ್ಯೂರಿಸಂ ಸಂಸ್ಥೆಗಳು ಕೋರ್‌ಬೂಟ್ ಹಾಕಿಯೇ ಲ್ಯಾಪ್‌ಟಾಪ್ ಮಾರುತ್ತವೆ. ಸ್ಟಾರ್ ಲ್ಯಾಬ್ಸ್ ಅಂತೂ ಮೇಲೆ ಹೇಳಿದ ಎಲ್‌ವಿಎಫ್‌ಎಸ್ ಮೂಲಕವೇ ಅಪ್‌ಡೇಟ್ ಕೊಡುತ್ತದೆ. ಆದರೂ ಹೊಸ ಇಂಟೆಲ್ ಯಂತ್ರಗಳಲ್ಲಿ ಮೆಮೊರಿಯನ್ನು ಸಜ್ಜುಗೊಳಿಸುವ ಭಾಗ ಇಂಟೆಲ್ ಕೊಟ್ಟ ಮುಚ್ಚಿದ ಬೈನರಿಯಾಗಿಯೇ ಉಳಿದಿರುತ್ತದೆ.