ಸೂಚಕ 14ಕ್ಕೆ ಉತ್ತರ ಬರತೊಡಗಿದ ಬಗೆ: ನನ್ನ ಅನುಭವ

ಅಮೆರಿಕದ ಒಂದು ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ವಿಶೇಷ ಶಿಕ್ಷಣದ ದತ್ತಾಂಶ ನೋಡಿಕೊಳ್ಳುವ ನನಗೆ, ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕಾಗಿ ಇರುವ ಐಡಿಇಎ ಎಂಬ ಕೇಂದ್ರ ಕಾಯ್ದೆಯ ವಾರ್ಷಿಕ ಸಾಧನಾ ವರದಿಯಲ್ಲಿ ಹೆಚ್ಚು ಕಾಡಿದ್ದು ಸೂಚಕ 14. ಐಇಪಿ, ಅಂದರೆ ವೈಯಕ್ತಿಕ ಶಿಕ್ಷಣ ಯೋಜನೆ, ಇದ್ದ ವಿದ್ಯಾರ್ಥಿ ಶಾಲೆ ಬಿಟ್ಟ ಒಂದು ವರ್ಷದೊಳಗೆ ಮುಂದಿನ ಓದಿಗೆ ಸೇರಿದನೇ, ದುಡಿದನೇ ಎಂದು ವರ್ಷವಾದ ಮೇಲೆ ಕೇಳಬೇಕು. ಅಷ್ಟರೊಳಗೆ ಮನೆಯ ವಿಳಾಸವೂ ಫೋನ್ ಸಂಖ್ಯೆಯೂ ಬದಲಾಗಿರುತ್ತವೆ.

ಮೊದಲ ವರ್ಷ ಸುಮಾರು 1,200 ಮನೆಗಳಿಗೆ ಅಂಚೆಯಲ್ಲಿ ಪ್ರಶ್ನಾವಳಿ ಕಳುಹಿಸಿದೆವು. ಮುದ್ರಣ, ಅನುವಾದ, ಅಂಚೆ ಸೇರಿ ನಾಲ್ಕು ಸಾವಿರ ಡಾಲರ್‌ ಹತ್ತಿರ ಖರ್ಚಾಯಿತು, ಮರಳಿ ಬಂದದ್ದು ನೂರಕ್ಕೆ ಒಂಬತ್ತು. ಮರುವರ್ಷ ಆನ್‌ಲೈನ್ ಕೊಂಡಿ ಕೊಟ್ಟಾಗ ಪ್ರಮಾಣ ಸ್ವಲ್ಪ ಏರಿತಾದರೂ ಉತ್ತರಿಸಿದವರು ಬಹುತೇಕ ಅದೇ ಬಗೆಯ ಕುಟುಂಬಗಳು. ಶಾಲೆಯನ್ನು ಅರ್ಧಕ್ಕೇ ಬಿಟ್ಟವರಂತೂ ಕೈಬೆರಳೆಣಿಕೆಯಷ್ಟು. ಜನಾಂಗವಾರು ಪ್ರಾತಿನಿಧ್ಯವನ್ನು ವರದಿಯಲ್ಲಿ ವಿವರಿಸಲೇಬೇಕಾದ್ದರಿಂದ ಆ ಎರಡು ವರ್ಷವೂ ಸೋಲನ್ನು ಬರೆದುಕೊಟ್ಟೆ.

ವಿದ್ಯಾರ್ಥಿಯನ್ನು ಬಲ್ಲ ಶಿಕ್ಷಕರೇ ಕರೆ ಮಾಡಲಿ ಎಂದು ನಾನು ಹೇಳಿದಾಗ, ಅವರಿಗೆ ಬಿಡುವೆಲ್ಲಿದೆ ಎಂದು ಸಭೆ ತಳ್ಳಿಹಾಕಿತು. ಹೊರಗಿನ ಸಂಸ್ಥೆಯೊಂದು ಇದೇ ಕೆಲಸಕ್ಕೆ ನಲವತ್ತು ಸಾವಿರ ಕೇಳಿತ್ತು. ನಾನು ಪೂರ್ಣಗೊಂಡ ಪ್ರತಿ ಸಂದರ್ಶನಕ್ಕೆ ಶಿಕ್ಷಕರಿಗೆ 20 ಡಾಲರ್ ಗೌರವಧನ ನಿಗದಿಮಾಡಿದೆ. ಜೊತೆಗೆ, ಶಾಲೆ ಬಿಡುವಾಗ ಸಿದ್ಧಪಡಿಸುವ ಸಾಧನಾ ಸಾರಾಂಶದ ಹೊತ್ತಿನಲ್ಲೇ, ಒಟ್ಟಿಗೆ ವಾಸಿಸದ ಒಬ್ಬ ಬಂಧುವಿನ ಸಂಖ್ಯೆಯನ್ನೂ ಪಡೆಯುವ ಏರ್ಪಾಡು ಮಾಡಿದೆ. ಸುಮಾರು ಒಂಬತ್ತು ಸಾವಿರ ಡಾಲರ್‌ ಖರ್ಚಿನಲ್ಲಿ ನೂರಕ್ಕೆ 38ರಷ್ಟು ಉತ್ತರಗಳು ಬಂದವು. ಇದು ಸಾಧ್ಯವಿಲ್ಲ ಎಂದಿದ್ದವರೇ ಈಗ ಕರೆಯ ಪಟ್ಟಿ ಕೇಳುತ್ತಾರೆ. ಕರೆಯ ಮೊದಲ ಅರ್ಧ ನಿಮಿಷದಲ್ಲಿ ಏನು ಹೇಳಬೇಕೆಂಬುದನ್ನು ಮಾತ್ರ ನಮ್ಮ ಶಿಕ್ಷಕರಿಗಷ್ಟೇ ಕಲಿಸಿದ್ದೇನೆ.

ಆದರೆ ಉತ್ತರಗಳು ಹೆಚ್ಚಿದಂತೆ ಫಲಿತಾಂಶ ಇಳಿಯಿತು. ಹಿಂದೆ ಸಿಗದೇ ಹೋಗಿದ್ದ, ಕೆಲಸವೂ ಓದೂ ಇಲ್ಲದ ಯುವಜನರು ಈಗ ಲೆಕ್ಕಕ್ಕೆ ಬಂದಿದ್ದರಿಂದ, ಯಾವುದಾದರೂ ಓದು, ತರಬೇತಿ ಅಥವಾ ಕೆಲಸದಲ್ಲಿ ತೊಡಗಿದವರ ಪ್ರಮಾಣವನ್ನು ತೋರಿಸುವ 14ಸಿ ಅಂಕಿ ಆರೇಳು ಅಂಶ ಕುಸಿದು ಮೇಲಧಿಕಾರಿಗಳು ಗಾಬರಿಯಾದರು. ಸಂಗ್ರಹಣೆಯ ವಿಧಾನವೇ ಬದಲಾಗಿದೆ, ಆದ್ದರಿಂದ ಹೋಲಿಕೆಗೆ ಹೊಸ ತಳಹದಿ ವರ್ಷ ಬೇಕು, ಅದನ್ನು ಪೋಷಕರ ಮುಂದಿಟ್ಟೇ ನಿರ್ಧರಿಸಬೇಕು ಎಂದು ಪಟ್ಟುಹಿಡಿದೆ.

ಹಿಂದೊಮ್ಮೆ ಆಗ ಇದ್ದ ಹದಿನೇಳು ಸೂಚಕಗಳನ್ನೂ ಎರಡು ಗಂಟೆಯಲ್ಲಿ ತೋರಿಸಿ, ಬಂದಿದ್ದ ಆರು ಪೋಷಕರಲ್ಲಿ ಮೂವರನ್ನು ಅರ್ಧದಲ್ಲೇ ಕಳೆದುಕೊಂಡಿದ್ದೆ. ಈ ಬಾರಿ ಒಂದೇ ಸೂಚಕ, ಒಂದೇ ಹಾಳೆ, ಅದರಲ್ಲಿ ಶೇಕಡಾವಾರಿನ ಬದಲು ನೂರು ಚುಕ್ಕೆಗಳು. ಮಕ್ಕಳನ್ನು ನೋಡಿಕೊಳ್ಳುವವರಿಗೂ ದುಭಾಷಿಗಳಿಗೂ ಹಣ ಮೀಸಲಿಟ್ಟೆ. ಇಪ್ಪತ್ತಕ್ಕೂ ಹೆಚ್ಚು ಪೋಷಕರು ಕೊನೆಯವರೆಗೂ ಕೂತರು. ವಾರಕ್ಕೆ ಹನ್ನೆರಡು ಗಂಟೆ ದುಡಿಯುವ ತನ್ನ ಮಗ ಯಾವ ಚುಕ್ಕೆಯಲ್ಲಿದ್ದಾನೆಂದು ತಾಯಿಯೊಬ್ಬರು ಕೇಳಿದರು. ನಾವು ಬಳಸುವ ವ್ಯಾಖ್ಯೆಯಲ್ಲಿ ಸ್ಪರ್ಧಾತ್ಮಕ ಉದ್ಯೋಗಕ್ಕೆ ವಾರಕ್ಕೆ 20 ಗಂಟೆ, ಕನಿಷ್ಠ 90 ದಿನ ಬೇಕು. ಹಾಗಾಗಿ ಅವನು ಉನ್ನತ ಶಿಕ್ಷಣ ಅಥವಾ ಸ್ಪರ್ಧಾತ್ಮಕ ಉದ್ಯೋಗದಲ್ಲಿರುವವರನ್ನಷ್ಟೇ ಎಣಿಸುವ 14ಬಿಯಲ್ಲಿ ಇಲ್ಲ, 14ಸಿಯಲ್ಲಿ ಇದ್ದಾನೆ ಎಂದು ವಿವರಿಸಿದೆ. ಗುರಿಯ ಚರ್ಚೆ ನಿಜವಾಗಿ ಶುರುವಾದದ್ದು ಅಲ್ಲಿಂದ. 14ಸಿ ಗುರಿಯನ್ನು ನಿಧಾನವಾಗಿ, 14ಬಿ ಗುರಿಯನ್ನು ತುಸು ಬೇಗ ಏರಿಸಬೇಕೆಂದು ಅವರೇ ಸೂಚಿಸಿದರು, ಹಾಗೆಯೇ ಬರೆದೆವು.

ನಡುವೆ ಬರಿಯ ಮೊಬೈಲ್ ಸಂದೇಶದಿಂದಲೂ ಪ್ರಯತ್ನಿಸಿದ್ದೆ, ಫಲ ಕಡಿಮೆ. ಕರೆಗೆ ಒಂದು ದಿನ ಮೊದಲು ಶಿಕ್ಷಕರ ಹೆಸರಿನಲ್ಲಿ ಹೋದ ಸಂದೇಶ ಮಾತ್ರ ಕೆಲಸ ಮಾಡಿತು.

ಫೆಬ್ರವರಿ 1ಕ್ಕೆ ಕೇಂದ್ರ ಶಿಕ್ಷಣ ಇಲಾಖೆಗೆ ವರದಿ ಸಲ್ಲಿಸಿದೆವು. ಏಪ್ರಿಲ್‌ನ ಸ್ಪಷ್ಟೀಕರಣದ ಅವಧಿಯಲ್ಲಿ ಸೂಚಕ 14ರ ಪ್ರಾತಿನಿಧ್ಯದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.